ಕಡಲಿಗೆ ಬೆನ್ನು ಹಾಕಿ ಹುಡುಕಿದ ಮನೆ

ಮಂಗಳೂರಿನಲ್ಲಿ ಬಾಡಿಗೆ ಮನೆ ನೋಡುವವರು ಮಳೆಗಾಲದಲ್ಲಿಯೇ ನೋಡಬೇಕು. ಡಿಸೆಂಬರಿನಲ್ಲಿ ಆ ಊರಿನ ಎಲ್ಲ ಮನೆಗಳೂ ಚೆಂದ. ಗೋಡೆಗೆ ಹೊಸದಾಗಿ ಬಣ್ಣ ಬಳಿದಿರುತ್ತಾರೆ, ರಸ್ತೆಗಳು ಒಣಗಿರುತ್ತವೆ, ಬ್ರೋಕರು ತಾರಸಿಗೆ ಹತ್ತಿಸಿ ತೆಂಗಿನ ಗರಿಗಳ ಆಚೆ ಮಿನುಗುವ ನೀಲಿ ಗೆರೆಯೊಂದನ್ನು ತೋರಿಸಿ "ಸೀ ವ್ಯೂ ಉಂಟು" ಅನ್ನುತ್ತಾನೆ. ಜುಲೈ ತಿಂಗಳಲ್ಲಿ ಬ್ರೋಕರು ಏನೂ ಹೇಳಬೇಕಾಗಿಲ್ಲ. ನೀರು ಎಲ್ಲಿಂದ ಜಿನುಗುತ್ತದೆ, ಹೋದ ವರ್ಷದ ಕೆಸರು ಎಷ್ಟು ಎತ್ತರಕ್ಕೆ ನಿಂತಿತ್ತು, ಬೀರು ಇಡುವ ಮೂಲೆಗೆ ಬೂಷ್ಟು ಹಿಡಿಯುತ್ತದೋ ಇಲ್ಲವೋ, ಎಲ್ಲವನ್ನೂ ಗೋಡೆಯೇ ಹೇಳುತ್ತದೆ. ನಮ್ಮ ದಾವಣಗೆರೆಯ ಕಡೆ ವರ್ಷವಿಡೀ ಬೀಳುವ ಮಳೆ ಆರುನೂರು ಮಿಲಿಮೀಟರಿನ ಆಸುಪಾಸು. ಮಂಗಳೂರಿನಲ್ಲಿ ಅದು ಮೂರೂವರೆ ಸಾವಿರ ದಾಟುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನ ಒಳಗೇ. ಇಷ್ಟು ನೀರು ಸುರಿಯುವ ಊರಿನಲ್ಲಿ ಮನೆಯ ವಿಳಾಸಕ್ಕಿಂತ ಮನೆಯ ಎತ್ತರವನ್ನು ಮೊದಲು ಕೇಳಬೇಕು.

ನಮ್ಮ ಮನೆಯವರಿಗೆ ಪಣಂಬೂರಿಗೆ ವರ್ಗವಾಗಿ, ಅವರು ಮುಂದಾಗಿ ಹೋಗಿ ಸಹೋದ್ಯೋಗಿಯೊಬ್ಬರ ರೂಮಿನಲ್ಲಿ ತಂಗಿದ್ದರು. ಮನೆ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಜೊತೆಗೆ ಅತ್ತೆಯೂ ಹೊರಟರು. ಅವರಿಗೆ ಮಂಡಿನೋವು. "ಏರೂ ಬ್ಯಾಡ, ಮೆಟ್ಟಲೂ ಬ್ಯಾಡ, ಉಳಿದದ್ದು ನೀವೇ ನೋಡ್ಕೊಳ್ರಿ" ಎಂಬುದು ಅವರ ಷರತ್ತು. ಐದನೇ ಕ್ಲಾಸಿನ ಮಗನಿಗೆ ಕಿಟಕಿಯಿಂದ ಸಮುದ್ರ ಕಾಣಬೇಕು. ಮನೆಯವರಿಗೆ ಆಫೀಸಿಗೆ ಒಂದೇ ಬಸ್ಸಿನಲ್ಲಿ ತಲುಪುವಂತಿರಬೇಕು. ನನ್ನದು ಚಿಕ್ಕ ಆಸೆ: ಹಾಲು ಮುಗಿದರೆ ಮಗ ಒಬ್ಬನೇ ಅಂಗಡಿಗೆ ಹೋಗಿ ಬರುವಂಥ ರಸ್ತೆ. ಈ ನಾಲ್ಕೂ ಒಂದೇ ಮನೆಯಲ್ಲಿ ಸಿಗುವುದಿಲ್ಲ ಎಂದು ಹೊರಡುವಾಗಲೇ ಅನುಮಾನವಿತ್ತು. ಯಾವುದನ್ನು ಮೊದಲು ಬಿಡಬೇಕೆಂಬುದು ಮಾತ್ರ ಗೊತ್ತಿರಲಿಲ್ಲ.

ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಆಗುಂಬೆಯಲ್ಲಿ ಮಿನಿ ಬಸ್ಸು ಘಾಟಿ ಇಳಿಯತೊಡಗಿದಾಗ ಹೊರಗೆ ಮಂಜಲ್ಲದೆ ಇನ್ನೇನೂ ಇರಲಿಲ್ಲ. ಮಗ ತಿರುವುಗಳನ್ನು ಎಣಿಸುವುದಾಗಿ ಹೇಳಿ ಮೂರನೆಯದಕ್ಕೇ ನಿದ್ದೆ ಹೋದ. ಸೋಮೇಶ್ವರದ ಹತ್ತಿರ ಬಯಲಿಗೆ ಬಂದಾಗ ಸೆಕೆ ಮುಖಕ್ಕೆ ಬಡಿಯಿತು. ಮಳೆಯೂ ಸೆಕೆಯೂ ಒಟ್ಟಿಗೆ ಇರಬಹುದೆಂಬುದು ಬಯಲುಸೀಮೆಯವರ ಲೆಕ್ಕಕ್ಕೆ ಸಿಗದ ಸಂಗತಿ. ಅತ್ತೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ "ನೆನೆದೂ ಬೆವರೂದಾ?" ಅಂದರು.

ಮೊದಲು ಮಗನ ಆಸೆಯನ್ನೇ ಹಿಡಿದು ಹೊರಟೆವು. ನೇತ್ರಾವತಿ ಸೇತುವೆ ದಾಟಿ ತೊಕ್ಕೊಟ್ಟು, ಅಲ್ಲಿಂದ ಉಳ್ಳಾಲ, ಸೋಮೇಶ್ವರ. ಈ ಸೋಮೇಶ್ವರಕ್ಕೂ ಘಾಟಿಯ ಬುಡದ ಸೋಮೇಶ್ವರಕ್ಕೂ ಸಂಬಂಧವಿಲ್ಲ. ಇದು ಕಡಲ ತಡಿಯದು. ಬ್ರೋಕರು ತೋರಿಸಿದ ಫ್ಲ್ಯಾಟಿನ ಹಾಲ್‌ನಿಂದ ಸಮುದ್ರ ನಿಜಕ್ಕೂ ಕಾಣುತ್ತಿತ್ತು. ಆದರೆ ನಾವು ಕ್ಯಾಲೆಂಡರಿನಲ್ಲಿ ನೋಡಿದ ಸಮುದ್ರ ಅದಲ್ಲ. ಕೆಂಪು ಮಣ್ಣು ಕದಡಿದ ಬಣ್ಣ, ಮೊರೆತ ಎಷ್ಟೆಂದರೆ ಮಾತು ಎರಡು ಸಲ ಹೇಳಬೇಕು. ಬಾಲ್ಕನಿಯ ಕಬ್ಬಿಣದ ಸರಳನ್ನು ಮಗ ಹಿಡಿದು ಬಿಟ್ಟರೆ ಅಂಗೈ ತುಂಬ ತುಕ್ಕು. ಕೆಳಗೆ ದಂಡೆಯುದ್ದಕ್ಕೂ ದೊಡ್ಡ ದೊಡ್ಡ ಬಂಡೆಗಳನ್ನು ಪೇರಿಸಿದ್ದರು, ಅವುಗಳ ಆಚೆ ಬುಡ ಸಮೇತ ಮಗುಚಿಬಿದ್ದ ತೆಂಗಿನ ಮರಗಳು. ಕಡಲ್ಕೊರೆತ ಈ ದಂಡೆಗೆ ಹೊಸದೇನಲ್ಲ. ಉಳ್ಳಾಲದಿಂದ ಉಚ್ಚಿಲದವರೆಗೆ ಪ್ರತಿ ಮಳೆಗಾಲವೂ ಪತ್ರಿಕೆಯ ಸುದ್ದಿ. ಕೆಳಗಿನ ಅಂಗಡಿಯ ಅಕ್ಕ ಮಗನಿಗೆ ಚಿಕ್ಕಿ ಕೊಡುತ್ತ ನನ್ನನ್ನು ಕೇಳಿದರು: "ಮಗು ಇರುವವರು ಇಲ್ಲಿ ಎಂತಕ್ಕೆ ಬರ್ತೀರಿ? ಮಳೆಗಾಲದಲ್ಲಿ ನಾವೇ ಮಕ್ಕಳನ್ನು ಆ ಕಡೆ ಬಿಡುದಿಲ್ಲ." ಅಷ್ಟರಲ್ಲಿ ದೇವಸ್ಥಾನದ ಪಕ್ಕದ ಬಂಡೆಗಳ ಬಳಿ ಹೋಗಬೇಡಿ ಎಂಬ ಎಚ್ಚರಿಕೆಯ ಫಲಕವನ್ನು ಮಗ ಗಟ್ಟಿಯಾಗಿ ಓದಿ ಮುಗಿಸಿದ್ದ.

ಕಡಲ ಬದಿಯಲ್ಲಿ ಮನೆ ಕೊಳ್ಳುವವರಿಗೆ ಇನ್ನೂ ಒಂದು ತಲೆನೋವು ಇದೆ. 1991ರಿಂದ ಕರಾವಳಿ ನಿಯಂತ್ರಣ ವಲಯದ ನಿಯಮಗಳಿವೆ. ಭರತದ ಗೆರೆಯಿಂದ ಐನೂರು ಮೀಟರಿನ ಒಳಗೆ ಏನನ್ನು ಕಟ್ಟಬಹುದು, ಏನನ್ನು ಕಟ್ಟಕೂಡದು ಎಂಬುದಕ್ಕೆ ಕಟ್ಟಳೆ ಉಂಟು. ಬಾಡಿಗೆಯವರಿಗೆ ಅದು ನೇರವಾಗಿ ತಟ್ಟುವುದಿಲ್ಲ. ಆದರೂ ಕಟ್ಟಡದ ಕಾಗದಪತ್ರ ಸರಿಯಿದೆಯೇ ಎಂದು ಕೇಳಿದರೆ ಬ್ರೋಕರಿನ ಮುಖ ಓದಬಹುದು. ನಾನು ಕೇಳಿದೆ, ಓದಿದೆ, ಹೊರಟೆವು.

ಮಾರನೆಯ ದಿನ ಮಗನ ಬೇಸರ ಕಳೆಯಲೆಂದು ಹಳೆಯ ಬಂದರಿನ ಕಡೆ ಹೋದಾಗ ಈ ಊರಿನ ಗುಟ್ಟು ಸ್ವಲ್ಪ ತಿಳಿಯಿತು. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಬೋಟುಗಳೆಲ್ಲ ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಅವು ನಿಂತದ್ದು ಸಮುದ್ರದಲ್ಲಲ್ಲ, ನದಿಯಲ್ಲಿ. ಗುರುಪುರ ಹೊಳೆ ಉತ್ತರದಿಂದಲೂ ನೇತ್ರಾವತಿ ದಕ್ಷಿಣದಿಂದಲೂ ಬಂದು ಅಳಿವೆಯಲ್ಲಿ ಸೇರುತ್ತವೆ. ಊರಿಗೂ ತೆರೆದ ಕಡಲಿಗೂ ನಡುವೆ ಬೆಂಗ್ರೆ, ತಣ್ಣೀರುಬಾವಿಗಳ ಮರಳಿನ ಪಟ್ಟಿ ಅಡ್ಡ ಮಲಗಿದೆ. ಬೆಂಗ್ರೆಯ ಮಕ್ಕಳು ಶಾಲೆಗೆ ಬರುವುದು ದೋಣಿಯಲ್ಲಿ. ಟಿಪ್ಪು 1784ರಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿ ಕಾವಲು ಕಾದದ್ದೂ ಹೊಳೆಯನ್ನೇ. ಕಡಲಿಗೆ ನೇರವಾಗಿ ಬಾಯಿ ತೆರೆದ ಬಂದರು ಪಣಂಬೂರಿನಲ್ಲಿ ಆದದ್ದು ಎಪ್ಪತ್ತರ ದಶಕದಲ್ಲಿ. ಅಂದರೆ ನಾವು ಕಡಲೂರು ಎಂದು ಹೊಗಳುವ ಮಂಗಳೂರಿನ ಹಳೆಯ ಪೇಟೆ ಕಡಲನ್ನು ಅಷ್ಟು ದೂರದಲ್ಲಿಟ್ಟೇ ಬೆಳೆದದ್ದು. ಇಲ್ಲಿ ತಲೆಮಾರುಗಳಿಂದ ಬದುಕಿದವರು ಗುಡ್ಡ ಹತ್ತಿ ಮನೆ ಕಟ್ಟಿದ್ದಾರೆ. ಅಲೆಯ ಬದಿಗೆ ಮನೆ ಬೇಕೆನ್ನುವವರು ನಮ್ಮಂಥ ಹೊರಗಿನವರೇ. ಅಲ್ಲಿಂದಾಚೆ ನಾನು ಕಡಲಿಗೆ ಬೆನ್ನು ಹಾಕಿಯೇ ಮನೆ ಹುಡುಕಿದೆ. ಮಗನಿಗೆ ಪ್ರತಿ ಭಾನುವಾರ ಬೀಚು ಎಂಬ ಒಪ್ಪಂದವಾಯಿತು.

ಕೊಟ್ಟಾರದ ಕಡೆ ಒಂದು ಮನೆ ಅತ್ತೆಗೆ ತುಂಬ ಹಿಡಿಸಿತು. ಸಮತಟ್ಟು ರಸ್ತೆ, ನೆಲ ಅಂತಸ್ತಿನ ಮನೆ, ಹೂವಿನ ಅಂಗಡಿ ಎದುರಿಗೇ. ನಾನೂ ಮಾತು ಕೊಡುವವಳಿದ್ದೆ. ವಾಪಸು ಬರುವಾಗ ರಿಕ್ಷಾದವರನ್ನು ಸುಮ್ಮನೆ ಕೇಳಿದೆ. ಅವರು ಕನ್ನಡಿಯಲ್ಲಿ ಅತ್ತೆಯನ್ನೊಮ್ಮೆ ನೋಡಿ, "ಅದು ಬೈಲು ಮೇಡಂ. ಜೋರು ಮಳೆ ಬಂದ್ರೆ ರಾಜಕಾಲುವೆ ಮೇಲೆ ಬರ್ತದೆ. 2018ರಲ್ಲಿ ನನ್ನ ರಿಕ್ಷಾವೇ ತೇಲಿತ್ತು ಅಲ್ಲಿ" ಅಂದರು. ಆ ವರ್ಷ ಮೇ 29ರಂದು ಮುಂಗಾರಿನ ಹೊಸ್ತಿಲಲ್ಲೇ ಸುರಿದ ಮಳೆಗೆ ಮಂಗಳೂರಿನ ತಗ್ಗು ಪ್ರದೇಶಗಳೆಲ್ಲ ಮುಳುಗಿ, ಮನೆಗಳಿಂದ ಜನರನ್ನು ದೋಣಿಯಲ್ಲಿ ಸಾಗಿಸಿದ್ದನ್ನು ನಾವೂ ಟಿವಿಯಲ್ಲಿ ನೋಡಿದ್ದೆವು. ಗದ್ದೆಯಾಗಿದ್ದ ಬೈಲುಗಳಲ್ಲಿ ಬಡಾವಣೆಗಳೆದ್ದಿವೆ. ನೀರು ಮಾತ್ರ ಹಳೆಯ ದಾರಿಯನ್ನೇ ಹಿಡಿದು ಬರುತ್ತದೆ. ಹೊಸ ಊರಿನಲ್ಲಿ ಬ್ರೋಕರನ್ನು ನಂಬುವುದಕ್ಕಿಂತ ರಿಕ್ಷಾದವರನ್ನು ನಂಬುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಮನೆ ಬಾಡಿಗೆಗೆ ಹೋದರೆ ಅವರಿಗೆ ಬರುವುದೇನೂ ಇಲ್ಲ, ರಸ್ತೆ ಕೆಟ್ಟರೆ ಕಳೆದುಕೊಳ್ಳುವವರು ಅವರೇ.

ಬೈಲು ಬೇಡವೆಂದರೆ ಗುಡ್ಡ. ಕದ್ರಿ, ಬಿಜೈ, ಬೆಂದೂರ್‌ವೆಲ್, ವೆಲೆನ್ಸಿಯಾ: ಸಂಸಾರಸ್ಥರಿಗೆ ಹೇಳಿ ಮಾಡಿಸಿದ ಜಾಗಗಳು ಎಂದು ಎಲ್ಲರೂ ಹೇಳಿದರು. ಸುಳ್ಳಲ್ಲ. ನೂರು ವರ್ಷ ದಾಟಿದ ಶಾಲೆಗಳು ಸುತ್ತಲೂ ಇವೆ. ಸಂತ ಅಲೋಶಿಯಸ್ ಕಾಲೇಜು ಶುರುವಾದದ್ದು 1880ರಲ್ಲಿ, ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಯೂ ಅದೇ ವರ್ಷ. ಮಾರುಕಟ್ಟೆ, ಪಾರ್ಕು, ಡಾಕ್ಟರು ಎಲ್ಲವೂ ಕೈಗೆಟಕುವಂತಿವೆ. ಆದರೆ ಆ ಏರುಗಳು! ಬಸ್ ಸ್ಟಾಪಿನಿಂದ ಮನೆಗೆ ಹೋಗುವ ದಾರಿ ಒಂದು ಕಡೆ ಇಳಿದರೆ ಇನ್ನೊಂದು ಕಡೆ ಹತ್ತಲೇಬೇಕು. ಮಳೆಯಲ್ಲಿ ಪಾಚಿ ಹಿಡಿದ ಮುರಕಲ್ಲಿನ ಮೆಟ್ಟಿಲುಗಳನ್ನು ಕಂಡು ಅತ್ತೆ ಅಲ್ಲೇ ನಿಂತರು. ಕದ್ರಿ ದೇವಸ್ಥಾನದ ಜಗಲಿಯಲ್ಲಿ ಕೂತು ದಣಿವಾರಿಸಿಕೊಂಡಾಗ ಕ್ರಿ.ಶ. 968ರ ಶಾಸನವಿರುವ ಲೋಕೇಶ್ವರನ ಕಂಚಿನ ಮೂರ್ತಿಯನ್ನು ನೋಡಿ ಬಂದು, "ಸಾವಿರ ವರ್ಷದಿಂದ ಕೂತಾನಂತ. ಕೂತವನಿಗೇನು, ಏರು ಇಳಿಯೋದು ನಾವು" ಅಂದರು.

ಗುಡ್ಡದ ಮನೆಗಳಲ್ಲಿ ನನ್ನನ್ನು ತಡೆದದ್ದು ಏರೊಂದೇ ಅಲ್ಲ. ಬಾಗಿಲು ತೆರೆದ ಮನೆ ಮಾಲೀಕರಲ್ಲಿ ಹಲವರು ಹೆಸರು ಕೇಳುವ ಮೊದಲು ಕೇಳಿದ್ದು "ನೀವು ವೆಜ್ಜಾ?" ಎಂದು. ಹೌದೆಂದ ತಕ್ಷಣ ಕುರ್ಚಿ ಬಂತು, ಕಾಫಿಯೂ ಬಂತು. ನಾವು ಯಾರೆಂದು ನಮ್ಮ ಅಡುಗೆಯಿಂದಲೇ ಅವರು ಲೆಕ್ಕ ಹಾಕಿದ್ದರು. ಮನೆಯವರ ಸಹೋದ್ಯೋಗಿ, ಬ್ಯಾರಿ ಸಮುದಾಯದ ಹುಡುಗ, ಇದೇ ಊರಿನಲ್ಲಿ ಹುಟ್ಟಿ ಬೆಳೆದವನು. ಅದೇ ರಸ್ತೆಯಲ್ಲಿ ಅವನಿಗೆ ಫೋನಿನಲ್ಲಿ "ಖಾಲಿ ಉಂಟು" ಎಂದವರು ಹೆಸರು ಹೇಳಿದ ಮೇಲೆ "ಈಗಷ್ಟೇ ಹೋಯ್ತು" ಅಂದಿದ್ದರಂತೆ. ಇದು ಮಂಗಳೂರಿನದ್ದು ಮಾತ್ರ ಅಲ್ಲ. ದಾವಣಗೆರೆಯಲ್ಲೂ ಉಂಟು, ಬೆಂಗಳೂರಿನಲ್ಲೂ ಉಂಟು. ಆದರೆ ಸಂಸಾರಕ್ಕೆ ಒಳ್ಳೆಯ ಜಾಗ ಎನ್ನುವವರು ಯಾರ ಸಂಸಾರಕ್ಕೆ ಎಂದು ಹೇಳುವುದಿಲ್ಲ. ಎಲ್ಲ ಬಾಗಿಲುಗಳಲ್ಲೂ ಒಂದೇ ಬಗೆಯ ತೋರಣವಿರುವ ರಸ್ತೆಯಲ್ಲಿ ನನ್ನ ಮಗ ಬೆಳೆಯುವುದು ಬೇಡವೆನಿಸಿತು. ಅತ್ತೆಗೆ ಇದನ್ನು ಹೇಳಲಿಲ್ಲ. ಏರಿನ ನೆಪ ಸಾಕಾಗಿತ್ತು.

ಸುರತ್ಕಲ್ಲನ್ನು ಬೇಗ ಮುಗಿಸುತ್ತೇನೆ. ಮನೆಯವರ ಆಫೀಸಿಗೆ ಅದು ಹತ್ತಿರ, ನೆಲ ಸಪಾಟು, ಬಾಡಿಗೆ ಕಡಿಮೆ, ಎನ್‌ಐಟಿಕೆ ಇರುವುದರಿಂದ ಹೊರಗಿನವರು ಅಲ್ಲಿ ಹೊಸಬರಲ್ಲ. ನಾವು ನೋಡಿದ ಮನೆಗೂ ಶಾಲೆಗೂ ನಡುವೆ ರಾಷ್ಟ್ರೀಯ ಹೆದ್ದಾರಿ 66 ಹಾದುಹೋಗುತ್ತದೆ. ಬಂದರಿಗೆ ಹೋಗುವ ಟ್ಯಾಂಕರುಗಳ ಸಾಲನ್ನು ಹತ್ತು ನಿಮಿಷ ನಿಂತು ನೋಡಿದೆ. ದಾಟಲು ಆಗಲಿಲ್ಲ. ದೊಡ್ಡವಳಾದ ನನಗೇ ಆಗದ ಮೇಲೆ ಮಾತು ಮುಗಿಯಿತು.

ಗುಡ್ಡವೂ ಬೇಡ, ಬೈಲೂ ಬೇಡವೆಂದರೆ ಉಳಿಯುವುದು ಪದವು. ಮುರಕಲ್ಲಿನ ಗುಡ್ಡಗಳ ತಲೆ ಕೆಲವೆಡೆ ಚಪ್ಪಟೆಯಾಗಿ ಹರಡಿಕೊಂಡಿರುತ್ತದೆ. ಹತ್ತುವುದು ಬಸ್ಸಿನ ಕೆಲಸ. ಹತ್ತಿದ ಮೇಲೆ ನಡೆಯುವುದು ಸಮನೆಲದಲ್ಲಿ. ಕೊಟ್ಟಾರದ ರಿಕ್ಷಾದವರೇ ಇದನ್ನೂ ಹೇಳಿದ್ದು: "ಅಮ್ಮನ ಕಾಲಿಗೆ ಪದವಿನಂಗಡಿ, ಬೋಂದೆಲ್ ಕಡೆ ನೋಡಿ." ನಕ್ಷೆ ಬಿಡಿಸಿ ನೋಡಿದರೆ ಅಲ್ಲಿಂದ ಕಾವೂರು, ಕೂಳೂರು ಹಾದು ಪಣಂಬೂರು ನೇರ. ಪೇಟೆಯ ನಡುವಿನಿಂದ ದೂರವೆಂದು ನಾವು ಅತ್ತ ತಲೆ ಹಾಕಿರಲಿಲ್ಲ.

ಅಲ್ಲಿಗೆ ಹೋದದ್ದು ಸಂಜೆ, ಬೇಕೆಂದೇ. ಹಗಲಿನಲ್ಲಿ ಮನೆ ನೋಡಬಹುದು. ರಸ್ತೆಯನ್ನು ನೋಡಬೇಕಾದರೆ ಸಂಜೆ ಐದರಿಂದ ಎಂಟರವರೆಗೆ ಒಂದು ಕಡೆ ನಿಲ್ಲಬೇಕು. ಬಸ್ ಸ್ಟಾಪಿನ ಪಕ್ಕದ ಹೋಟೆಲಿನಲ್ಲಿ ಗೋಳಿಬಜೆ ತಿನ್ನುತ್ತ ಕೂತೆವು. ಮಳೆ ಹನಿಯುತ್ತಿದ್ದರೂ ಶಾಲೆಯ ಮೈದಾನದಲ್ಲಿ ಹುಡುಗರು ಕಾಲ್ಚೆಂಡು ಆಡುತ್ತಿದ್ದರು. ಅವರಲ್ಲಿ ಇಬ್ಬರು ಹುಡುಗಿಯರೂ ಇದ್ದರು, ಒಬ್ಬಳು ಗೋಲಿನಲ್ಲಿ ನಿಂತು ಎಲ್ಲರನ್ನೂ ಬೈಯುತ್ತಿದ್ದಳು. ಬೀಡಿ ಬ್ರಾಂಚಿಗೆ ಕಟ್ಟು ಕೊಟ್ಟು ಬರುತ್ತಿದ್ದ ಹೆಂಗಸರು ಚೀಲ ಹಿಡಿದು ರಸ್ತೆಬದಿಯಲ್ಲೇ ನಿಂತು ಮಾತಾಡಿದರು, ಒಬ್ಬರಿಗೆ ಬುರ್ಖಾ, ಒಬ್ಬರಿಗೆ ಕರಿಮಣಿ. ಏಳೂವರೆಯ ಬಸ್ಸಿನಿಂದ ಇಳಿದ ಹುಡುಗಿಯರು ಹಿಂದೆ ಮುಂದೆ ನೋಡದೆ ಒಬ್ಬೊಬ್ಬರೇ ತಮ್ಮ ತಮ್ಮ ಅಡ್ಡರಸ್ತೆ ಹಿಡಿದರು. ಬೀದಿದೀಪ ಎಲ್ಲೆಲ್ಲಿ ಉರಿಯುತ್ತದೆಂದು ನಾನು ನೋಡುತ್ತಿದ್ದೆ. ಅವರ ನಡಿಗೆ ನೋಡಿದ ಮೇಲೆ ದೀಪ ಲೆಕ್ಕ ಹಾಕುವುದನ್ನು ಬಿಟ್ಟೆ. ಮಗ ದುಡ್ಡು ಇಸಿದುಕೊಂಡು ಒಬ್ಬನೇ ಎದುರಿನ ಅಂಗಡಿಗೆ ಹೋಗಿ ಬಂದ. ಅಂಗಡಿಯವರು ತುಳುವಿನಲ್ಲಿ ಏನೋ ಕೇಳಿದರಂತೆ, ಇವನು ದಾವಣಗೆರೆಯ ಕನ್ನಡದಲ್ಲಿ ಉತ್ತರಿಸಿದನಂತೆ, ಬಿಸ್ಕತ್ತು ಸರಿಯಾಗಿಯೇ ಬಂದಿತ್ತು.

ಮನೆ ಸಿಕ್ಕಿದ್ದು ಒಂದು ಹಂಚಿನ ಮನೆಯ ಹಿತ್ತಲಿನಲ್ಲಿ. ಮುಂದೆ ಮಾಲಕಿಯ ಹಳೆಯ ಮನೆ, ಹಿಂದೆ ಬಾಡಿಗೆಗೆಂದು ಕಟ್ಟಿದ ಆರ್‌ಸಿಸಿ ಮನೆ, ಅದರ ತಾರಸಿಗೆ ಶೀಟು ಹೊದಿಸಿ ಬಟ್ಟೆ ಒಣಗಿಸಲು ಹಗ್ಗ ಕಟ್ಟಿತ್ತು. ಈ ಶೀಟು ಇಲ್ಲದ ಮನೆಯನ್ನು ಮಂಗಳೂರಿನಲ್ಲಿ ಒಪ್ಪಲೇಬಾರದು. ಜುಲೈಯಲ್ಲಿ ಮಕ್ಕಳ ಯೂನಿಫಾರ್ಮು ಒಣಗುವುದು ಅಲ್ಲಿಯೇ. ಮಾಲಕಿಯ ಯಜಮಾನರು ಬ್ಯಾಂಕಿನಲ್ಲಿದ್ದವರು, ಈಗಿಲ್ಲ. ಕೆನರಾ ಬ್ಯಾಂಕು 1906ರಲ್ಲೂ ಕರ್ಣಾಟಕ ಬ್ಯಾಂಕು 1924ರಲ್ಲೂ ಹುಟ್ಟಿದ ಊರಿದು. ವರ್ಗವಾಗಿ ಊರೂರು ಅಲೆದು ನಿವೃತ್ತರಾದವರು ಇಲ್ಲಿ ಬೇಕಾದಷ್ಟು. ಅವರೂ ಹುಬ್ಬಳ್ಳಿಯಲ್ಲಿ ಕೆಲವು ವರ್ಷ ಇದ್ದು ಬಂದವರಂತೆ. ಅಡುಗೆ ಯಾವುದೆಂದು ಮಾಲಕಿ ಕೇಳಲಿಲ್ಲ. "ರೊಟ್ಟಿ ತಟ್ಟುವ ಸದ್ದು ಕೇಳದೆ ತುಂಬ ವರ್ಷ ಆಯ್ತು. ಗ್ಯಾಸಿನಲ್ಲಿ ತಟ್ಟಲಿಕ್ಕೆ ಆಗ್ತದಾ ಅಮ್ಮ?" ಎಂದು ಅತ್ತೆಯನ್ನು ಕೇಳಿದರು. ಅತ್ತೆ ಆಗಲೇ ಚಪ್ಪಲಿ ಬಿಟ್ಟು ಅಡುಗೆಮನೆಯ ಕಟ್ಟೆಯ ಎತ್ತರ ನೋಡುತ್ತಿದ್ದರು.

ಕುಂದು ಇರಲಿಲ್ಲವೆಂದಲ್ಲ. ಪದವಿನ ಮೇಲೆ ಪ್ರವಾಹದ ಭಯವಿಲ್ಲ, ಆದರೆ ಬಾವಿ ಆಳ. "ಬಾವಿ ಬತ್ತುದಿಲ್ಲ" ಎಂದು ಮಾಲಕಿ ಹೇಳಿದ್ದನ್ನು ಪಕ್ಕದ ಮನೆಯವರು "ಎಪ್ರಿಲ್‌ವರೆಗೆ" ಎಂದು ತಿದ್ದಿದರು. ನಗರಕ್ಕೆ ಕುಡಿಯುವ ನೀರು ಬರುವುದು ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿದ ಕಿಂಡಿ ಅಣೆಕಟ್ಟಿನಿಂದ. ಹೊಳೆ ಸೊರಗಿದ 2019ರ ಬೇಸಿಗೆಯಲ್ಲಿ ಅದನ್ನೂ ಸರದಿಯ ಮೇಲೆ ಬಿಟ್ಟಿದ್ದರು. ಇಷ್ಟು ಮಳೆ ಬೀಳುವ ಊರಿನಲ್ಲಿ ಮೇ ತಿಂಗಳಿಗೆ ಬಿಂದಿಗೆ ಲೆಕ್ಕ ಮಾಡಬೇಕೇ ಎಂದು ಅತ್ತೆಗೆ ನಂಬಿಕೆಯೇ ಬರಲಿಲ್ಲ. ಮುರಕಲ್ಲು ನೀರನ್ನು ಹಿಡಿದಿಡುವುದಿಲ್ಲ, ಬಿದ್ದಷ್ಟೂ ಇಳಿದು ಹೊಳೆ ಸೇರಿ ಕಡಲಿಗೆ ಹೋಗುತ್ತದೆ. ಭದ್ರಾ ನಾಲೆಯ ಊರಿನಿಂದ ಬಂದ ನಮಗೆ ಸಿಂಟೆಕ್ಸ್ ಟ್ಯಾಂಕಿನ ಗಾತ್ರ ಕೇಳುವುದು ಹೊಸ ಅಭ್ಯಾಸ. ಕೇಳಿದೆ, ದೊಡ್ಡದೇ ಇತ್ತು.

ನನ್ನ ಮಟ್ಟಿಗೆ ಮನೆ ನಿರ್ಧಾರವಾದದ್ದು ಬೇರೊಂದು ಕಾರಣಕ್ಕೆ. ನಾವು ಅಲ್ಲಿರುವಾಗಲೇ ಜಿಲ್ಲಾಡಳಿತ ಮಾರನೆಯ ದಿನಕ್ಕೆ ಶಾಲೆಗಳಿಗೆ ಮಳೆ ರಜೆ ಸಾರಿದ ಸುದ್ದಿ ಬಂತು. ರೆಡ್ ಅಲರ್ಟಿನ ದಿನಗಳಲ್ಲಿ ಕರಾವಳಿಯಲ್ಲಿ ಇದು ಮಾಮೂಲು: ಹಿಂದಿನ ರಾತ್ರಿ, ಕೆಲವೊಮ್ಮೆ ಬೆಳಿಗ್ಗೆಯೇ, ರಜೆ. ದೊಡ್ಡವರ ಆಫೀಸಿಗೆ ಆ ರಜೆಯಿಲ್ಲ. ದೂರದ ಊರಿನಿಂದ ಬಂದ, ಅಕ್ಕಪಕ್ಕದವರ ಪರಿಚಯವಿಲ್ಲದ ಸಂಸಾರಕ್ಕೆ ಆ ಬೆಳಿಗ್ಗೆ ಹೇಗಿರುತ್ತದೆಂದು ಯೋಚಿಸುತ್ತಿದ್ದೆ. ಎದುರು ಮನೆಯ ಗಂಡಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಅವರ ಮಗಳು ಚಾಪೆ, ಬಣ್ಣದ ಪೆನ್ಸಿಲು ಹಿಡಿದು ಮಾಲಕಿಯ ಚಾವಡಿಗೆ ಬಂದು ಜಾಗ ಹಿಡಿದಳು, ನಾಳೆಗೆ. ಅವಳ ಹಿಂದೆ ಇನ್ನೊಬ್ಬ ಬಂದ. ಮಳೆ ರಜೆಯ ದಿನ ಆ ರಸ್ತೆಯ ಮಕ್ಕಳೆಲ್ಲ ಅಲ್ಲೇ ಸೇರುವುದಂತೆ. ಮಧ್ಯಾಹ್ನಕ್ಕೆ ಗಂಜಿ, ಚಟ್ನಿ. ಮಗ ನನ್ನನ್ನು ಕೇಳದೆಯೇ ತನಗೂ ಒಂದು ಮೂಲೆ ಗೊತ್ತು ಮಾಡಿಕೊಂಡ.

ಬಾಡಿಗೆಯ ಮಾತು ಸುಲಭವಾಗಿ ಮುಗಿಯಿತು. ಕಗ್ಗಂಟಾದದ್ದು ದಿನ. ಮುಂಗಡ ಕೊಡಲು ಹೋದದ್ದು ತುಳುವರ ಆಟಿ ತಿಂಗಳ ಅಮಾವಾಸ್ಯೆಯಂದು. ಬೆಳಿಗ್ಗೆ ಪಾಲೆ ಮರದ ತೊಗಟೆಯ ಕಷಾಯ ಕುಡಿಯುವ ದಿನವದು. ಮಾಲಕಿ ನಮಗೂ ಲೋಟ ಹಿಡಿಸಿದರು, ಕಹಿ ಹೋಗಲೆಂದು ಮೆಂತೆ ಗಂಜಿ ಕೊಟ್ಟರು. ಅತ್ತೆ ಮುಖ ಹಿಂಡಿಕೊಂಡೇ ಕುಡಿದು, "ಇವತ್ತು ನಮ್ಮಲ್ಲಿ ಭೀಮನ ಅಮಾಸಿ. ನಾಳೆಗೆ ಶ್ರಾವಣ ಬಂತು, ಆಷಾಢ ಕಳೀತು. ಇದೇ ವಾರ ಹಾಲುಕ್ಕಿಸಿ ಬಿಡ್ತೀವಿ ಅಕ್ಕಾರೆ" ಅಂದರು. ಮಾಲಕಿ ಗಾಬರಿಯಾದರು. "ಆಟಿಯಲ್ಲಿ ಮನೆ ಒಕ್ಕಲು ಮಾಡ್ಲಿಕ್ಕಿಲ್ಲ ಅಮ್ಮ. ಆಗಸ್ಟಿನಲ್ಲಿ ಸಂಕ್ರಮಣ ಕಳೆದು ಸೋಣ ಬರಲಿ." ಅತ್ತೆ ಚಂದ್ರನ ಲೆಕ್ಕದವರು, ಮಾಲಕಿ ಸೂರ್ಯನ ಲೆಕ್ಕದವರು. ಅತ್ತೆಗೆ ಒಳ್ಳೆಯ ದಿನಗಳು ಶುರುವಾಗುವಾಗ ಮಾಲಕಿಯ ಕೆಟ್ಟ ತಿಂಗಳು ಇನ್ನೂ ಅರ್ಧ ಉಳಿದಿರುತ್ತದೆ. ಸೋಣ ಬಂದ ಮೇಲೆ ತಡ ಮಾಡಿದರೆ ಅತ್ತೆಯ ಪಿತೃಪಕ್ಷ ಅಡ್ಡ. ನಡುವೆ ಮಗನ ಪರೀಕ್ಷೆ. ಇಬ್ಬರೂ ಚಾವಡಿಯಲ್ಲಿ ಕೂತು ಎರಡು ಕ್ಯಾಲೆಂಡರುಗಳನ್ನು ಪಕ್ಕಪಕ್ಕದಲ್ಲಿ ಹಾಸಿಕೊಂಡು ಮಧ್ಯಾಹ್ನವನ್ನೆಲ್ಲ ಕಳೆದರು. ಕೊನೆಗೆ ಒಪ್ಪಿದ್ದು ನವರಾತ್ರಿಗೆ: ಯಾರ ತಕರಾರೂ ಇಲ್ಲ, ದಸರಾ ರಜೆಯೂ ಇರುತ್ತದೆ, ರಜೆ ಮುಗಿಸಿ ಟಿಸಿ ತಂದರೆ ಸೀಟು ಕೊಡುವುದಾಗಿ ಹತ್ತಿರದ ಶಾಲೆಯವರೂ ಹೇಳಿದ್ದರು. ಅಲ್ಲಿಯವರೆಗೆ ಖಾಲಿ ಮನೆಯ ಅರ್ಧ ಬಾಡಿಗೆ ಸಾಕೆಂದರು ಮಾಲಕಿ. ಮನೆಯವರು ಈಗಲೇ ಒಂದು ಕೋಣೆಯಲ್ಲಿ ಮಲಗಿಕೊಳ್ಳಬಹುದಂತೆ. ಒಲೆ ಹಚ್ಚದಿದ್ದರೆ ಅದು ಒಕ್ಕಲಲ್ಲ.

ಊರಿಗೆ ಬಂದು ಲಾರಿಯವರಿಗೆ ಫೋನು ಮಾಡಿದೆ. ಅವರು ದಿನ ಕೇಳಲಿಲ್ಲ, ತಿಥಿ ಕೇಳಲಿಲ್ಲ. ಆಗುಂಬೆಯಲ್ಲಿ ದೊಡ್ಡ ಲಾರಿ ಇಳಿಸುವ ಹಾಗಿಲ್ಲ, ಹುಲಿಕಲ್ ಘಾಟಿ ಇಳಿದು ಕುಂದಾಪುರದ ಮೇಲೆ ಬರಬೇಕು, ಆ ಸುತ್ತಿಗೆ ಬೇರೆ ದುಡ್ಡು, ಮತ್ತೆ ಅಜ್ಜಿಯ ರೊಟ್ಟಿ ಕಲ್ಲು, ಒರಳು ಎಲ್ಲ ಇದ್ದರೆ ಈಗಲೇ ಹೇಳಿಬಿಡಿ ಅಂದರು.